ಗೋಡೆಗೆ ಅಂಟಿದ ಬಿಲ್ಲೆ

"ಇಲ್ಲಿ ಗಟ್ಟಿಯೋ ಪೊಳ್ಳೋ, ನೀನೇ ಕೇಳಿ ಹೇಳು," ಎನ್ನುತ್ತ ವರ್ಲಿನ್ ಸುತ್ತಿಗೆಯ ಹಿಡಿಯಿಂದ ಗೋಡೆ ತಟ್ಟಿದ. ಮಿನೆಸೋಟದ ಮನೆಗಳ ಗೋಡೆಯೆಂದರೆ ಜಿಪ್ಸಮ್ ಹಲಗೆ. ಒಳಗಿನ ಮರದ ಕಂಬಕ್ಕೇ ಮೊಳೆ ಹೊಡೆಯದಿದ್ದರೆ, ಈಗ ತೂಗುಹಾಕಬೇಕಿದ್ದ, ಹೆಂಡತಿಯ ತವರಿನ ಭಾರದ ಗಡಿಯಾರ ಗೋಡೆಯನ್ನೂ ಕಿತ್ತುಕೊಂಡು ಬೀಳುತ್ತಿತ್ತು.

"ಕಿವುಡಿ ಹತ್ರ ಕೇಳ್ತೀಯಲ್ಲ, ಬುದ್ಧಿ ಇದೆಯೇನೋ ನಿಂಗೆ?" ಎಂದಳು ಆರ್ಡಿಸ್. ಕಿವಿ ಪೂರ್ತಿ ಹೋದ ವರ್ಷ ಆ ಗಡಿಯಾರವನ್ನು ಅವಳೇ ಇಳಿಸಿ ಪೆಟ್ಟಿಗೆಗೆ ಹಾಕಿದ್ದಳು. ಈಗ ಆಪರೇಷನ್ ಆಗಿ, ಕಿವಿಯ ಹಿಂದೆ ತಲೆಗೆ ಅಯಸ್ಕಾಂತದಿಂದ ಅಂಟಿ ಸದ್ದು ಕೇಳಿಸುವ ಒಂದು ಬಿಲ್ಲೆ ಬಂದಿತ್ತು. ಅದರಲ್ಲಿ ಗಂಡನ ಮಾತೂ ನಲ್ಲಿಯ ನೀರೂ ಒಂದೇ ತಗಡಿನ ಸದ್ದು. ಇನ್ನು ಇದನ್ನು ಹಾಕುವುದಿಲ್ಲವೆಂದು ಬೆಳಗ್ಗೆಯಷ್ಟೇ ಜಗಳವಾಡಿದ್ದಳು. ಆದರೂ ಗೋಡೆಗೆ ತಲೆಯಾನಿಸಿ, ಕೇಳುತ್ತ ಕೇಳುತ್ತ ಸರಿದಳು.

ತಟಕ್ಕನೆ ಸದ್ದೆಲ್ಲ ನಿಂತಿತು. ನೋಡಿದರೆ, ಬಿಲ್ಲೆ ಅವಳ ತಲೆಯನ್ನು ಬಿಟ್ಟು ಗೋಡೆಗೆ ಅಂಟಿಕೊಂಡಿದೆ! ವರ್ಲಿನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳು ತುಟಿ ನೋಡಿ ತಿಳಿಯಲೆಂದು ನಿಧಾನವಾಗಿ ಹೇಳಿದ: "ಒಳಗೆ ಸ್ಕ್ರೂ ಇದೆ ಕಣೇ. ಹಲಗೆಯನ್ನ ಕಂಬಕ್ಕೆ ಬಿಗಿದಿರೋ ಸ್ಕ್ರೂ. ಅಂದ್ರೆ ಕಂಬ ಇಲ್ಲೇ!"

ಅಲ್ಲೇ ಮೊಳೆ ಹೊಡೆದು ಗಡಿಯಾರ ತೂಗುಹಾಕಿ, ಕೀಲಿ ಕೊಟ್ಟ. ಆರ್ಡಿಸ್ ಬಿಲ್ಲೆಯನ್ನು ಮತ್ತೆ ತಲೆಗೆ ಅಂಟಿಸಿಕೊಂಡು, ಗೊಣಗುತ್ತ, ಬಗ್ಗಿ ಗೋಡೆಯಿಂದ ನೆಲಕ್ಕೆ ಉದುರಿದ್ದ ಬಿಳಿ ಪುಡಿ ಗುಡಿಸತೊಡಗಿದಳು.

"ಸಾಕು ಮಾರಾಯ, ಕಂಬ ಸಿಕ್ತಲ್ಲ! ಇನ್ನೂ ಯಾಕೆ ತಟ್ತಾ ಇದೀಯಾ?"

ವರ್ಲಿನ್ ಅವಳ ಮುಂದೆ ಕೂತು ಎರಡೂ ಬರಿಗೈ ತೋರಿಸಿ, ಗೋಡೆಯ ಗಡಿಯಾರದತ್ತ ಕಣ್ಣು ಹಾಯಿಸಿದ. ತಟ್ಟುವ ಸದ್ದು ಮಾತ್ರ ನಿಲ್ಲಲಿಲ್ಲ.