ಹೋಳಿಗೆಯ ಕಲೆ

ಕನಸುಗಳು ಹಾಸಿಗೆಗೆ ಕಲೆಯಾಗಿ ಹತ್ತತೊಡಗಿದ ಮೇಲೆ ನೀಲವ್ವನಿಗೆ ಒಗೆದು ಒಗೆದು ಸಾಕಾಗಿತ್ತು. ಗಂಡ ಶಂಕ್ರಪ್ಪನಿಗೆ ಸಕ್ಕರೆ ಕಾಯಿಲೆ. ಕನಸಿನಲ್ಲಿ ಮಾತ್ರ ದಿನಾ ಹೋಳಿಗೆ. ಮಾಳಿಗೆಯ ಮೇಲೆ ಒಣಹಾಕಿದ ಚಾದರ ನೋಡಿ ಓಣಿಯೆಲ್ಲ ನಗುತ್ತಿತ್ತು.

ತಿಕ್ಕಿ ತಿಕ್ಕಿ ಚಾದರವೇ ಹರಿದಾಗ ಅವಳು ಕೌದಿ ಹೊಲಿಯುವ ಹುಸೇನಬಿಯ ಮನೆಗೆ ಹೋದಳು.

“ಇದನ್ನ ಒಯ್ರಿ ಅಕ್ಕಾರ, ಹೊಲಿಗಿ ಒತ್ತೊತ್ತಾಗೇತಿ. ಎಷ್ಟ್ ಬಡದು ಒಗದ್ರೂ ಹರಿಯೂದಿಲ್ಲ,” ಎಂದಳು ಹುಸೇನಬಿ.

ಮರುದಿನ ಬೆಳಿಗ್ಗೆ ನೋಡಿದರೆ, ರಾತ್ರಿ ಹಾಸಿದ್ದ ಹೊಸ ಕೌದಿಯ ಮೇಲೆ ತುಪ್ಪ ಸುರಿದ ಹನ್ನೊಂದು ಹೋಳಿಗೆಯ ಕಲೆ!

“ಮತ್ತ ತಿಂದ್ರಲ್ಲಾ! ನಾಚಿಕಿ ಬರೂದಿಲ್ಲೇನ್ರಿ?” ಎಂದು ನೀಲವ್ವ ಬಕೆಟ್ಟಿಗೆ ಸೋಪಿನ ಪುಡಿ ಸುರಿದಳು.

“ನಾ ಗ್ವಾಡಿ ಕಡೆ ಮಲಗಿದ್ದೆ. ಅದು ನೀ ಮಲಗಿದ್ದ ಕಡೆ,” ಎಂದ ಶಂಕ್ರಪ್ಪ ಮೆಲ್ಲಗೆ.

ನೀಲವ್ವ ಕೌದಿಯನ್ನು ಗಡಬಡಿಸಿ ಮಡಚಿ ಎದೆಗೊತ್ತಿಕೊಂಡಳು. “ಹೊಸಾದು ಐತಿ. ಮೊದಲನೇ ದಿನಾನ ಒಗದ್ರ ದಾರ ಸಡಲ ಆಗ್ತಾವ, ಇರ್ಲಿ ಬಿಡ್ರಿ.”