ಇನ್ನೊಂದು ಟೇಕ್

ಮಗಳನ್ನು ಮಣ್ಣು ಮಾಡಿ ಬಂದ ದಿನ ಹಿಡಿದ ಬಾಟಲಿಯನ್ನು ಆ ನಟ ಬಿಟ್ಟು ಒಂದು ವರ್ಷವಾಗಿತ್ತು. ಈಗ ಸಿಕ್ಕಿದ್ದೂ ಕುಡುಕ ತಂದೆಯ ಪಾತ್ರವೇ. ಸತ್ತ ಮಗಳ ಪಕ್ಕ ಕೂತು ಅಳಬೇಕು. ಕಟ್ ಅಂದಾಗಲೆಲ್ಲ, ಹೆಣವಾಗಿ ಮಲಗಿದ್ದ ಪುಟ್ಟ ಹುಡುಗಿಯನ್ನು ಎಬ್ಬಿಸಿ, ಕ್ಯಾಮೆರಾ ನೋಡಿ ನಗಲು ಹೇಳುತ್ತಿದ್ದರು. ಅಪಶಕುನ ಕಳೆಯಲು ಸೆಟ್ಟಿನಲ್ಲಿ ಹಾಗೊಂದು ಪದ್ಧತಿ.

“ಇನ್ನೊಂದು ಟೇಕ್ ತಗೊಳ್ಳೋಣ,” ಎಂದ ನಟ, ಏಳನೇ ಸಲ.

ಲೈಟಿನವರು ಗೊಣಗಿದರು. ನಿರ್ದೇಶಕನಿಗೂ ಸಾಕಾಗಿತ್ತು. ಅನುಮಾನ ಬಂದು ನಟನ ಗ್ಲಾಸು ಮೂಸಿದ. ಬರೀ ಕಪ್ಪು ಚಹಾ.

“ಸಾರ್, ಮೊದಲ್ನೇ ಟೇಕೇ ಓಕೆ ಆಗಿತ್ತು. ಯಾವುದ್ರಲ್ಲಿ ಸಮಾಧಾನ ಆಗ್ಲಿಲ್ಲ ನಿಮ್ಗೆ?”

“ನಟನೆ ಸರಿಯಾಗೇ ಇದೆಯಪ್ಪಾ. ಇನ್ನೊಂದೇ ಒಂದ್ಸಲ, ಮಗು ಎದ್ದು ನಗೋದನ್ನ ನೋಡ್ಬಿಡ್ತೀನಿ.”