ಹಲಗೆಯ ಬಂಪರ್

ಕ್ರೋಮ್ ಬಂಪರಿಗೆ ಒಂಬೈನೂರು ಡಾಲರ್. ಚೆರ್ರಿ ಕೆಂಪು ಬಣ್ಣಕ್ಕೆ, ಏಳು ಪದರ ಸೇರಿ, ಆರು ಸಾವಿರ. ಚರ್ಮದ ಜೋಡಿ ಸೀಟು ಸಾವಿರದ ಇನ್ನೂರು. ಎಂಜಿನ್ನಿಗೆ ಸುರಿದದ್ದನ್ನು ಡ್ವೇನ್ ಹೆಂಡತಿಗೂ ಹೇಳಿರಲಿಲ್ಲ. ಪಿಕಪ್ ಮಾತ್ರ ಅಗ್ಗಕ್ಕೆ ಸಿಕ್ಕಿತ್ತು. 1971ರಲ್ಲಿ, ಲೈಲ್ ಎಂಬವನು ಅಲಾಸ್ಕಾದ ಕೆಲಸಕ್ಕೆ ಹೊರಟಾಗ, ನಾನೂರು ಡಾಲರಿಗೆ ಮಾರಿ ಹೋಗಿದ್ದ.

ಐವತ್ತು ವರ್ಷ ಅದಕ್ಕೆ ಹಾಕಿದ್ದನ್ನೆಲ್ಲ ಡ್ವೇನ್ ಈಗ ಬಿಚ್ಚಿ ಮಾರುತ್ತಿದ್ದ.

"ಜೂಜಾಡಿ ಸೋತ್ಯೇನೋ?" ಗೆಳೆಯ ಗಸ್ ಶೆಡ್ಡಿನ ಬಾಗಿಲಲ್ಲೇ ನಿಂತು ಕೇಳಿದ. ಪ್ರತಿ ಶನಿವಾರ ಧಾನ್ಯದ ಕಣಜದ ಪಕ್ಕದ ಬಯಲಲ್ಲಿ ಹಳೆ ಪಿಕಪ್‌ನವರು ಬಾನೆಟ್ ಎತ್ತಿಕೊಂಡು ಸೇರುತ್ತಾರೆ. ಡ್ವೇನ್ ಹೋಗದೆ ಮೂರು ತಿಂಗಳಾಗಿತ್ತು.

ಡ್ವೇನ್ ತಲೆ ಎತ್ತದೆ ಕೆಲಸ ಮುಂದುವರಿಸಿದ. ಕೆಂಪು ಬಣ್ಣ ಕೆರೆದು ತೆಗೆದಿದ್ದ. ಅದರ ಮೇಲೆ ಮೊದಲಿನ ತಿಳಿನೀಲಿ ಹೊಡೆದು, ಆ ಹೊಸ ನೀಲಿಯನ್ನೂ ಉಪ್ಪುಕಾಗದದಿಂದ ಉಜ್ಜಿ ಸವೆಸಿದ್ದ. ಈಗ ಬಾಗಿಲಿನ ಅಂಚಿಗೆ ಬಟ್ಟೆಯಲ್ಲಿ ಏನೋ ಒತ್ತುತ್ತಿದ್ದ.

ಗಸ್ ಮೂಸಿ ನೋಡಿದ. "ವಿನೆಗರ್, ಉಪ್ಪು! ಉಪ್ಪಿನಕಾಯಿ ಹಾಕ್ತಿದೀಯಾ ಗಾಡಿನಾ?"

"ತುಕ್ಕು ಬರಬೇಕು. ಇಲ್ಲಿ, ಅಂಗೈ ಅಗಲ."

"ಗೊತ್ತಾಯ್ತು ಬಿಡು. ಈಗ ತುಕ್ಕಿಗೇ ಬೆಲೆ. ಯಾವ ಪಟ್ಟಣದವನ ತಲೆಗೆ ಕಟ್ತೀಯ?"

"ವರ್ನಾಗೆ," ಎಂದ ಡ್ವೇನ್.

ಗಸ್‌ನ ನಗು ನಿಂತಿತು.

ಡ್ವೇನ್‌ನ ಹೆಂಡತಿ ವರ್ನಾ ಗಂಡನನ್ನು ಮರೆತು ಎರಡು ವರ್ಷವಾಗಿತ್ತು. ಮನೆಯಲ್ಲಿ ಯಾರೋ ಮುದುಕ ಸೇರಿಕೊಂಡಿದ್ದಾನೆಂದು ಅವಳ ನಂಬಿಕೆ. ಅವನು ಅಂಗಳಕ್ಕಿಳಿದರೆ ಒಳಗಿನಿಂದ ಚಿಲಕ ಹಾಕುತ್ತಿದ್ದಳು. ಅವನು ಮಾಡಿದ ಸೂಪು ಮುಟ್ಟುತ್ತಿರಲಿಲ್ಲ. ಮೈ ಇಳಿದುಹೋಗಿತ್ತು. ಸೋಮವಾರ ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿಯಾಗಲಿತ್ತು. ಅಷ್ಟರೊಳಗೆ ಒಂದೇ ಒಂದು ಸಲ ಗುರುತು ಹಿಡಿದರೆ ಕಳಿಸುವುದಿಲ್ಲ ಎಂದು ಡ್ವೇನ್ ನಿರ್ಧರಿಸಿದ್ದ.

"ಹಳೇ ನೆನಪು ಕೊನೇವರೆಗೂ ಇರುತ್ತೆ ಅಂದ್ರು ಡಾಕ್ಟ್ರು," ಎಂದ. "ನಮ್ಮಿಬ್ಬರಿಗೆ ಇದಕ್ಕಿಂತ ಹಳೇದು ಯಾವುದಿದೆ?"

ಗಸ್‌ಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಕಥೆ ಅದು. ಗಾಡಿ ಕೊಂಡ ವಾರವೇ, ಮೇಲಿನ ರಸ್ತೆಯಲ್ಲಿ, ಪರಿಚಯವೇ ಇಲ್ಲದ ಹುಡುಗಿಯೊಬ್ಬಳು ಕೈ ಬೀಸುತ್ತ ಓಡಿ ಬಂದು ಅದನ್ನು ನಿಲ್ಲಿಸಿದ್ದಳು. ಕಿಟಕಿಗೆ ಬಗ್ಗಿ ಅವನ ಮುಖ ನೋಡಿ, ಒಂದು ಗಳಿಗೆ ಮಾತೇ ಹೊರಡದೆ ನಿಂತಿದ್ದಳು. ನಾಚಿಕೊಂಡಳು ಎಂದು ಡ್ವೇನ್ ಇವತ್ತಿಗೂ ಹೇಳುತ್ತಾನೆ. ಮದುವೆಯ ದಿನವೂ ಹೇಳಿ ಎಲ್ಲರನ್ನೂ ನಗಿಸಿದ್ದ: "ಇವಳು ಒಲಿದದ್ದು ನಂಗಲ್ಲ, ಗಾಡಿಗೆ." ವರ್ನಾ ಕೂಡ ನಕ್ಕಿದ್ದಳು, ಎಲ್ಲರೂ ನಕ್ಕ ಮೇಲೆ.

ಮಾದರಿಗೆ ಒಂದು ಫೋಟೊ ಸಿಕ್ಕಿತ್ತು. ಅವಳ ಅಡುಗೆಯ ಚೀಟಿಗಳ ಡಬ್ಬಿಯ ತಳದಲ್ಲಿತ್ತು. ಪಿಕಪ್ಪಿಗೆ ಒರಗಿ ವರ್ನಾ ಬಾಯ್ತುಂಬ ನಗುತ್ತಿದ್ದಾಳೆ. ಡ್ವೇನ್ ಅದನ್ನು ಭೂತಗನ್ನಡಿಯಲ್ಲಿ ಇಂಚಿಂಚು ಓದಿದ್ದ: ಬಾಗಿಲಂಚಿನ ತುಕ್ಕು, ಮುರಿದ ಬಲಗನ್ನಡಿ, ಚಕ್ರದ ಹತ್ತಿರ ಬಿದ್ದ ಅಗಲ ಟೊಪ್ಪಿಯ ನೆರಳು ದಾಟಿದರೆ ಮುಂದಿನ ಟೈರಿನ ಬಿಳಿ ಪಟ್ಟಿ, ಅದರಾಚೆ ಬಂಪರಿನ ಜಾಗದಲ್ಲಿ ಬೋಲ್ಟು ಹಾಕಿ ಬಿಗಿದ ಒಂದು ಓಕ್ ಹಲಗೆ.

"ಹುಡುಗೀನ ನೋಡ್ತಿದೀಯೋ, ಬಂಪರ್‌ನೋ?" ಗಸ್ ಫೋಟೊ ಇಸಿದುಕೊಂಡ. "ಹಲಗೆ ಇತ್ತಾ ಇದಕ್ಕೆ?"

"ನಂಗೆ ಕಬ್ಬಿಣದ್ದೇ ನೆನಪು."

"ಮತ್ತೆ?"

"ನೆನಪಿಗೆ ತುಕ್ಕು ಹಿಡಿಯುತ್ತೆ ಮಹರಾಯ. ಫೋಟೊಗೆ ಹಿಡಿಯಲ್ಲ."

ಗಸ್ ತನ್ನ ಟೊಪ್ಪಿ ತೆಗೆದು ಚಾಚಿದ. "ಇದಾದ್ರೂ ಹಾಕ್ಕೊ. ತಲೆ ಬೆಂದ ಬೀಟ್‌ರೂಟ್ ಆಗಿದೆ."

"ಹುಟ್ಟಿದಾಗಿಂದ ಹಾಕಿಲ್ಲ. ತಲೆನೋವು ಬರುತ್ತೆ," ಎಂದು ಡ್ವೇನ್ ಹಲಗೆಗೆ ಬೋಲ್ಟು ಬಿಗಿದ.

ಭಾನುವಾರ ಮಧ್ಯಾಹ್ನ ಕೆಲಸ ಮುಗಿಯಿತು. ಒಡಕು ಸೈಲೆನ್ಸರ್ ಕೂಡ ಗುಜರಿಯಿಂದ ಹುಡುಕಿ ತಂದಿದ್ದ. ಹಿಂದಿನ ದಾರಿಯಿಂದ ಹೊರಟು, ಮುಸುಕಿನ ಜೋಳದ ಹೊಲ ಸುತ್ತಿ, ಮನೆಯ ಮುಂದಿನ ರಸ್ತೆಗೆ ಬಂದ. ಪಿಕಪ್ ಕೆಮ್ಮಿತು, ಗುಡುಗಿತು.

ಜಗುಲಿಯಲ್ಲಿ ಕೂತಿದ್ದ ವರ್ನಾ ತಲೆ ಎತ್ತಿದಳು.

ಎದ್ದಳು. ಮೆಟ್ಟಿಲಿಗೆ ಯಾರ ಕೈಯನ್ನೂ ಕೇಳಲಿಲ್ಲ. ಕೈ ಬೀಸುತ್ತ, ಚಪ್ಪಲಿಯೊಂದು ಹುಲ್ಲಲ್ಲೇ ಕಳಚಿಬಿದ್ದರೂ ನಿಲ್ಲದೆ ಓಡಿ ಬಂದಳು. ಬರುತ್ತ ಹಲಗೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಆ ನಗು ಫೋಟೊದಲ್ಲಿದ್ದದ್ದೇ. ಡ್ವೇನ್‌ಗೆ ರಸ್ತೆ ಮಂಜಾಗಿ ಕಂಡಿತು. ಬ್ರೇಕ್ ತುಳಿದ.

ವರ್ನಾ ಕಿಟಕಿಗೆ ಬಗ್ಗಿದಳು. ಅವನ ಮುಖ ನೋಡಿದಳು. ಒಂದು ಗಳಿಗೆ ಮಾತೇ ಹೊರಡಲಿಲ್ಲ. ಅದೇ ಮುಖ. ಅದೇ ಗಳಿಗೆ. ಐವತ್ತು ವರ್ಷದಿಂದ ಅವನು ಕಂಡವರಿಗೆಲ್ಲ ಹೇಳಿಕೊಂಡು ಬಂದದ್ದು ಇದನ್ನೇ.

"ವರ್ನಾ," ಎಂದ.

"ಅಯ್ಯೋ, ತಪ್ಪು ತಿಳ್ಕೋಬೇಡಿ," ಎಂದಳು ಅವಳು, ಕೈ ಹಿಂದಕ್ಕೆ ಎಳೆದುಕೊಂಡು. "ಲೈಲ್ ಬಂದ ಅಂದ್ಕೊಂಡೆ. ಅವನ ಗಾಡಿ ನಿಮ್ಮ ಹತ್ರ ಹೇಗೆ ಬಂತು?"

ಎಂಜಿನ್ ಗುಡುಗುತ್ತಲೇ ಇತ್ತು.

"ಕೊಂಡೆ," ಎಂದ ಡ್ವೇನ್. "ನಾನೂರಕ್ಕೆ."

"ಮಾರಿಬಿಟ್ನಾ?" ಅವಳು ಹಲಗೆಯ ಕಡೆ ನೋಡಿದಳು. "ಇದನ್ನ ಅವನೇ ಕೊಯ್ದು ಹಾಕಿದ್ದು. ಮಾರೋ ಮುಂಚೆ ನಂಗೊಂದು ಮಾತು ಹೇಳ್ಬೇಕಿತ್ತು. ಹೋಗ್ಲಿ, ಬರ್ತಾನಾ ಅವನು?"

"ಬರಲ್ಲ."

ವರ್ನಾ ಮನೆಯತ್ತ ನಡೆದಳು. ಚಪ್ಪಲಿ ಹುಲ್ಲಿನಲ್ಲೇ ಉಳಿಯಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಡ್ವೇನ್ ಎಂಜಿನ್ ಆರಿಸಿ, ಜೇಬಿನಿಂದ ಫೋಟೊ ತೆಗೆದ. ಈ ಸಲ ಗಾಡಿಯನ್ನು ನೋಡಲಿಲ್ಲ. ಕ್ಯಾಮೆರಾ ಹಿಡಿದವನ ನೆರಳನ್ನು, ಅದರ ತಲೆಯ ಮೇಲಿನ ಅಗಲ ಟೊಪ್ಪಿಯನ್ನು ನೋಡಿದ.

ಮೇಲಿನ ರಸ್ತೆಯಲ್ಲಿ, ಅವತ್ತೂ, ಅವಳು ಓಡಿ ಬಂದದ್ದು ಲೈಲ್‌ಗಾಗಿ.